ಬೋಳು ಗುಡ್ಡದ ಪುಟಾಣಿ ಚಿಟ್ಟೆ

ಗಜೇಂದ್ರಗಡಕ್ಕೆ ಹೋದವರು ಕಾಲಕಾಲೇಶ್ವರನಿಗೆ ಕೈ ಮುಗಿದು, ಕೋಟೆ ಹತ್ತಿ, ಗಾಳಿಯಂತ್ರದ ಮುಂದೆ ಸೆಲ್ಫಿ ತಗೊಂಡು ವಾಪಸ್ ಬರ್ತಾರೆ. ಮುಂದಿನ ಸಲ ಕಾಲ ಬುಡಾನೂ ಸ್ವಲ್ಪ ನೋಡಿ. ಹುಲ್ಲಿಗೆ ತಾಗಿಕೊಂಡೇ ಹಾರಾಡೋ, ಹೆಬ್ಬೆರಳ ಉಗುರಿನಷ್ಟು ಚಿಕ್ಕ ಕಂದು ಚಿಟ್ಟೆ ಕಂಡರೆ ಅದು ಬಹುಶಃ ಗ್ರಾಸ್ ಜ್ಯುವೆಲ್. ಭಾರತದ ಅತಿ ಸಣ್ಣ ಚಿಟ್ಟೆಗಳಲ್ಲಿ ಒಂದು. ರೆಕ್ಕೆ ಮಡಚಿ ಕೂತಾಗ ಹಿಂದಿನ ಅಂಚಿನಲ್ಲಿ ಕಿತ್ತಳೆ ಬಣ್ಣ, ಅದರೊಳಗೆ ಮಿನುಗುವ ಚುಕ್ಕೆಗಳು.

ಇದು ಮೊಟ್ಟೆ ಇಡೋದು ನೀಲಿ ಗಿಡದ ಬಳಗಕ್ಕೆ ಸೇರಿದ, ನಾವು ಬರೀ 'ಕಳೆ' ಅನ್ನೋ ಸಣ್ಣ ಗಿಡಗಳ ಮೇಲೆ. ಮರಿಹುಳು ಸಿಹಿ ರಸ ಒಸರುತ್ತೆ. ಇರುವೆಗಳು ಅದನ್ನ ಕುಡೀತಾ ಹುಳುವನ್ನ ಕಾಯ್ತವೆ.

ಇದರ ದೂರದ ನೆಂಟ, ಯುರೋಪಿನ ಲಾರ್ಜ್ ಬ್ಲೂ, ಇನ್ನೂ ಖತರ್ನಾಕ್. ಅದರ ಮರಿಹುಳು ಕೆಲವು ವಾರ ಥೈಮ್ ಹೂವು ತಿಂದು ನೆಲಕ್ಕೆ ಬೀಳುತ್ತೆ. ಒಂದು ಜಾತಿಯ ಕೆಂಪಿರುವೆ ಅದನ್ನ ತನ್ನದೇ ಮರಿ ಅಂದ್ಕೊಂಡು ಗೂಡಿಗೆ ಹೊತ್ತೊಯ್ಯುತ್ತೆ. ಅಲ್ಲಿ ಅದು ಸುಮಾರು ಹತ್ತು ತಿಂಗಳು ಇರುವೆ ಮರಿಗಳನ್ನೇ ತಿಂದು ಬೆಳೆಯುತ್ತೆ! ಇಂಗ್ಲೆಂಡಿನಲ್ಲಿ ಈ ಚಿಟ್ಟೆ ಉಳಿಸೋಕೆ ಅಂತ ಹಿಂದೆ ಬೇಲಿ ಹಾಕಿದ್ದೂ ಉಂಟು. ಬೇಲಿಯೊಳಗೆ ದನ ಬರಲಿಲ್ಲ, ಹುಲ್ಲು ಬೆಳೆದು ನೆಲ ತಂಪಾಯ್ತು, ಬಿಸಿಲು ಬೇಡುವ ಆ ಇರುವೆ ಹೋಯ್ತು, ಚಿಟ್ಟೆಯೂ ಹೋಯ್ತು. ಬೇರೆ ಕಡೆ ಮೊಲಗಳು ರೋಗದಿಂದ ಸತ್ತಾಗಲೂ ಇದೇ ಕಥೆ. ಇದನ್ನ ಜೆರೆಮಿ ಥಾಮಸ್ ಎಂಬ ವಿಜ್ಞಾನಿ ಕಂಡುಹಿಡಿಯುವ ಹೊತ್ತಿಗೆ ತಡವಾಗಿತ್ತು. 1979ರಲ್ಲಿ ಬ್ರಿಟನ್ನಿನಲ್ಲಿ ಅದು ಪೂರ್ತಿ ಅಳಿಯಿತು. ಆಮೇಲೆ ಸ್ವೀಡನ್‌ನಿಂದ ತಂದು ಬಿಟ್ಟರು. ಈ ಸಲ ದನ ಮೇಯಿಸಿದರು, ಉಳೀತು.

ಹಾಗಾಗಿ ಗಜೇಂದ್ರಗಡದ ಗುಡ್ಡ 'ಬೋಳು' ಅಂತ ಸಾಲಾಗಿ ಸಸಿ ನೆಡೋ ಉತ್ಸಾಹ ಕಂಡಾಗ ನನಗೆ ಸ್ವಲ್ಪ ದಿಗಿಲು. ಅದು ಬೋಳಲ್ಲ, ಹುಲ್ಲುಗಾವಲು. ಕುರಿ ವಿಪರೀತ ಮೇಯ್ದರೆ ಹುಲ್ಲೇ ಉಳಿಯಲ್ಲ ಅನ್ನೋದೂ ನಿಜ. ಆದರೆ ಕುರಿಯವರನ್ನ ಓಡಿಸಿ ಬೇಲಿ ಹಾಕೋ ಮುಂಚೆ ಆ ಇಂಗ್ಲೆಂಡಿನ ಬೇಲಿ ನೆನಪಾಗಲಿ.

ರೋಣ, ನರಗುಂದದ ಎರಿ ಹೊಲಗಳಲ್ಲಿ ಇಂಥ ಹುಲ್ಲು ಉಳಿದಿರೋದು ಬದುಗಳಲ್ಲಿ ಮಾತ್ರ. ಅದಕ್ಕೂ ಈಗ ಕಳೆನಾಶಕ. "ಆಳು ಸಿಗೂದಿಲ್ಲ ತಮ್ಮಾ, ಕೀಳಾಕ ನೀ ಬರ್ತೀಯೇನು?" ಅಂತಾರೆ ಅಪ್ಪ. ಬೆಂಗಳೂರಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತ ನನ್ನ ಹತ್ರ ಉತ್ತರ ಇಲ್ಲ. ಆದರೂ ಹಳ್ಳದ ಕಡೆಯ ಒಂದು ಬದುವಿಗೆ ಈ ವರ್ಷ ಹೊಡೆಯಬೇಡಿ ಅಂತ ಒಪ್ಪಿಸಿದ್ದೀನಿ. ಹಿಂಗಾರಿ ಬಿತ್ತನೆ ಹೊತ್ತಿಗೆ ಊರಿಗೆ ಹೋಗ್ತೀನಿ. ಚಿಟ್ಟೆ ಸಿಕ್ಕರೆ ಫೋಟೊ ಇದೇ ಅಂಕಣದಲ್ಲಿ.