ಮೊದಲು ಹಳೆಯ ಬಾಕಿ, ಆಮೇಲೆ ಹೊಸ ಮಂಜೂರಾತಿ

ನಮ್ಮ ಸಂಘದ ಸದಸ್ಯರೊಬ್ಬರು ಈ ಸಲದ ಅಂಕಣಕ್ಕೆ ಒಂದು ಪ್ರಶ್ನೆಯನ್ನು ಕಳಿಸಿದ್ದಾರೆ. ಅವರ ವಾಸ ಮುಂಬಯಿಯ ಉಪನಗರವೊಂದರಲ್ಲಿ. ಊರು ಧಾರವಾಡದ ಕಡೆಯದು. ಅವರಲ್ಲಿ 2019ನೆಯ ಇಸವಿಯ ಒಂದು ವ್ಯಾಗನ್‌ಆರ್ ಗಾಡಿಯಿದೆ, ಒಂದು ಲೀಟರ್ ಎಂಜಿನ್ನಿನದು. ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡದ್ದು. ಈಚೆಗೆ ಅದು ತಿರುವಿನಲ್ಲಿ ವಾಲಾಡುತ್ತದಂತೆ. ಸ್ಟಿಯರಿಂಗ್ ತಿರುಗಿಸಿ ಒಂದು ಗಳಿಗೆಯಾದ ಮೇಲೆ ಗಾಡಿ ತಿರುಗುತ್ತದಂತೆ. ಆಕ್ಸಿಲರೇಟರ್ ಒತ್ತಿದರೆ ಯೋಚನೆ ಮಾಡಿ ಮುಂದೆ ಹೋಗುತ್ತದಂತೆ. ಗಣೇಶನ ಹಬ್ಬಕ್ಕೆ ಊರಿಗೆ ಹೋಗಬೇಕು; ಹಿಂದಿನ ಸೀಟಿನಲ್ಲಿ ಮೊಣಕಾಲು ನೋವಿನ ತಾಯಿ. ಕೈಯಲ್ಲಿರುವುದು 25,000 ರೂಪಾಯಿ. ಕಾಲೇಜಿಗೆ ಹೋಗುವ ಮಗ, ‘ಅಪ್ಪಾ, ಅಲಾಯ್ ಗಾಲಿ, ಅಗಲವಾದ ಟೈರು, ತಗ್ಗು ಸ್ಪ್ರಿಂಗು ಹಾಕಿಸಿಬಿಡೋಣ’ ಎನ್ನುತ್ತಾನೆ. ಅಂಗಡಿಯವನೂ ಅದಕ್ಕೆ ತಲೆದೂಗಿದ್ದಾನೆ. ಯಾವುದನ್ನು ಮಾಡಿಸಬೇಕು, ಯಾವುದನ್ನು ಬಿಡಬೇಕು?

ನಮ್ಮಂಥ ಗುಮಾಸ್ತರಿಗೆ ಕಚೇರಿ ಕಲಿಸಿದ ಪಾಠ ಒಂದುಂಟು: ಹಳೆಯ ಬಾಕಿ ತೀರದೆ ಹೊಸ ಖರ್ಚಿಗೆ ಮಂಜೂರಾತಿ ಇಲ್ಲ. ಮೋಟಾರು ಗಾಡಿಗೂ ಈ ನಿಯಮ ಚೆನ್ನಾಗಿ ಹೊಂದುತ್ತದೆ. ಹೊಸದಾಗಿ ಕಾರಖಾನೆಯಿಂದ ಹೊರಬಂದಾಗ ಆ ಗಾಡಿ ಸ್ಟಿಯರಿಂಗಿನ ಮಾತನ್ನು ಕೇಳುತ್ತಿತ್ತು. ತಿರುವಿನಲ್ಲಿ ತಕ್ಕಮಟ್ಟಿಗೆ ನೆಟ್ಟಗೆ ನಿಲ್ಲುತ್ತಿತ್ತು. ವರ್ಷಗಳು ಕಳೆದ ಹಾಗೆ ರಬ್ಬರು ಒಣಗಿತು, ಎಣ್ಣೆ ಸೋರಿತು, ಟೈರು ಸವೆಯಿತು. ಕಳೆದುಹೋದ ಗುಣವನ್ನು ಮೊದಲು ಮರಳಿ ಪಡೆಯಬೇಕು. ಸವೆದ ಗಾಡಿಗೆ ಅಲಂಕಾರ ಮಾಡಿಸುವುದು ‘ಮೇಲೆ ಥಳಕು, ಒಳಗೆ ಹುಳಕು’ ಎಂಬ ಗಾದೆಯ ಮಾತೇ ಸರಿ.

ಕಾಸಿಲ್ಲದೆ ಆಗುವ ಕೆಲಸದಿಂದ ಆರಂಭಿಸೋಣ. ಅದು ಗಾಳಿ. ಬಲಗಡೆಯ ಮುಂಬಾಗಿಲನ್ನು ತೆರೆದರೆ ಕಂಬದ ಮೇಲೆ ಒಂದು ಚೀಟಿ ಅಂಟಿಸಿರುತ್ತಾರೆ. ಯಾವ ಟೈರಿಗೆ ಎಷ್ಟು ಗಾಳಿ, ತುಂಬಿದ ಗಾಡಿಗೆ ಎಷ್ಟು ಎಂಬುದು ಅದರಲ್ಲಿರುತ್ತದೆ. ಪೆಟ್ರೋಲು ಬಂಕಿನ ಹುಡುಗ ಎಲ್ಲ ಗಾಡಿಗೂ ಒಂದೇ ಅಂಕಿ ತುಂಬಿಸಿದರೆ ಒಪ್ಪಬೇಡಿ. ಟೈರು ತಣ್ಣಗಿರುವಾಗ, ಬೆಳಿಗ್ಗೆ ಹೊರಟ ಕೂಡಲೇ ಅಳೆಸಬೇಕು. ಗಾಳಿ ಕಡಿಮೆಯಾದರೆ ಟೈರಿನ ಪಕ್ಕದ ಗೋಡೆ ಬಾಗಿ ಸ್ಟಿಯರಿಂಗ್ ಜಡವಾಗುತ್ತದೆ. ಹೆಚ್ಚಾದರೆ ನೆಲದ ಹಿಡಿತ ಕುಗ್ಗುತ್ತದೆ. ‘ಗಾಡಿ ಮಾತು ಕೇಳುವುದಿಲ್ಲ’ ಎಂಬ ಎಷ್ಟೋ ದೂರುಗಳು ಇಲ್ಲಿಯೇ ಮುಗಿಯುತ್ತವೆ.

ಎರಡನೆಯದು ವ್ಹೀಲ್ ಅಲೈನ್‌ಮೆಂಟ್ ಮತ್ತು ಬ್ಯಾಲೆನ್ಸಿಂಗ್. ಕೆಲವು ನೂರು ರೂಪಾಯಿಯ ಕೆಲಸ. ನಮ್ಮ ನಗರಗಳ ಗುಂಡಿಗಳು ಗಾಲಿಗಳ ಕೋನವನ್ನು ಕೆಡಿಸದೆ ಬಿಡುವುದಿಲ್ಲ. ಕೋನ ಕೆಟ್ಟರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ, ಟೈರು ಒಂದೇ ಅಂಚಿನಲ್ಲಿ ಸವೆಯುತ್ತದೆ. ಆದರೆ ಕೆಳಗಿನ ಬುಷ್, ಬಾಲ್ ಜಾಯಿಂಟ್ ಸಡಿಲವಾಗಿದ್ದಾಗ ಅಲೈನ್‌ಮೆಂಟ್ ಮಾಡಿಸಿದರೆ ಅದು ನಿಲ್ಲುವುದಿಲ್ಲ. ಆದುದರಿಂದ ಗಾಡಿಯನ್ನು ಮೇಲಕ್ಕೆ ಎತ್ತಿಸಿ, ಸಡಿಲವಾದದ್ದನ್ನು ಬದಲಿಸಿದ ಮೇಲೆಯೇ ಅಲೈನ್‌ಮೆಂಟ್. ಈ ಬುಷ್ ಎಂಬುದು ಅಂಗೈಯಲ್ಲಿ ಹಿಡಿಯುವ ರಬ್ಬರಿನ ತುಂಡು. ಅದು ಬಿರುಕು ಬಿಟ್ಟರೆ ಸ್ಟಿಯರಿಂಗಿಗೂ ಗಾಲಿಗೂ ನಡುವೆ ಸ್ವಲ್ಪ ಸಡಿಲು ಬಂದು, ನಮ್ಮ ಮಿತ್ರರು ಹೇಳಿದ ‘ಒಂದು ಗಳಿಗೆಯ’ ತಡವಾಗುತ್ತದೆ.

ಈಗ ಟೈರಿನ ವಿಷಯ. ಇಡೀ ಸಂಸಾರವನ್ನು ಹೊತ್ತ ಗಾಡಿ ನೆಲವನ್ನು ಮುಟ್ಟುವುದು ನಾಲ್ಕು ಅಂಗೈಯಷ್ಟು ಜಾಗದಲ್ಲಿ. ತಿರುವು, ಬ್ರೇಕು, ಮಳೆ, ಎಲ್ಲವೂ ಆ ನಾಲ್ಕು ಅಂಗೈಗಳ ಪಾಲು. ಆದುದರಿಂದ ದೊಡ್ಡ ಖರ್ಚು ಇಲ್ಲಿ ಆಗುವುದಾದರೆ ಆಗಲಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಮುದ್ರೆ ಇರುತ್ತದೆ. 2219 ಎಂದಿದ್ದರೆ 2019ರ 22ನೆಯ ವಾರದಲ್ಲಿ ತಯಾರಾದದ್ದು ಎಂದರ್ಥ. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ತಿಳಿದವರಿಗೆ ತೋರಿಸಬೇಕು. ಹತ್ತು ವರ್ಷವಾದದ್ದು ನೋಡಲಿಕ್ಕೆ ಎಷ್ಟು ಚೆನ್ನಾಗಿದ್ದರೂ ಬೇಡ. ಟೈರಿನ ಗೆರೆಗಳ ಒಳಗೆ ಅಲ್ಲಲ್ಲಿ ಸಣ್ಣ ರಬ್ಬರು ದಿಮ್ಮಿಗಳಿರುತ್ತವೆ. ಗೆರೆ ಸವೆದು ಅವುಗಳ ಮಟ್ಟಕ್ಕೆ ಬಂತೆಂದರೆ ಉಳಿದಿರುವ ಆಳ 1.6 ಮಿಲಿಮೀಟರ್ ಮಾತ್ರ. ಟೈರಿನ ಸೇವೆ ಮುಗಿಯಿತು. ಮಳೆಗಾಲದ ಪ್ರಯಾಣಿಕರು ಅಲ್ಲಿಯವರೆಗೂ ಕಾಯದಿರುವುದು ಮೇಲು.

ಇನ್ನು ಅಗಲ ಟೈರಿನ ಆಸೆ. ಮಿತ್ರರ ಗಾಡಿಗೆ ಬರುವುದು 155/80 ಆರ್ 13. ಇದನ್ನು ಓದುವುದು ಕಷ್ಟವಲ್ಲ: ಅಗಲ 155 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಅದರ ನೂರಕ್ಕೆ 80, ಒಳಗಿನ ಗಾಲಿ 13 ಅಂಗುಲ. ಲೆಕ್ಕ ಹಾಕಿದರೆ ಒಟ್ಟು ವ್ಯಾಸ ಸುಮಾರು 578 ಮಿಲಿಮೀಟರ್. ಅದೇ ಮಾದರಿಯ 1.2 ಲೀಟರ್ ಗಾಡಿಗೆ ಕಂಪನಿಯೇ ಕೊಟ್ಟದ್ದು 165/70 ಆರ್ 14. ಅದರ ವ್ಯಾಸ ಸುಮಾರು 587. ವ್ಯತ್ಯಾಸ ನೂರಕ್ಕೆ ಒಂದೂವರೆ. ಪಕ್ಕದ ಗೋಡೆ ಗಿಡ್ಡವಾದಷ್ಟು ಬಾಗುವುದು ಕಡಿಮೆ, ಸ್ಟಿಯರಿಂಗ್ ಚುರುಕು. ಹಣವಿದ್ದವರು ಇಷ್ಟರ ಮಟ್ಟಿಗೆ ಯೋಚಿಸಬಹುದು. ಆದರೆ ಗಾಲಿ, ಟೈರು ಎರಡೂ ಹೊಸದು ಬೇಕಾಗುವುದರಿಂದ ಖರ್ಚು ಎರಡು ಪಾಲಾಗುತ್ತದೆ. ವ್ಯಾಸ ಇನ್ನೂ ಹೆಚ್ಚಾದರೆ ಸ್ಪೀಡೋಮೀಟರ್ ತೋರಿಸುವ ವೇಗಕ್ಕೂ ನಿಜಕ್ಕೂ ಅಂತರ ಬೀಳುತ್ತದೆ, ಸಣ್ಣ ಎಂಜಿನ್ನು ಎಳೆಯಲು ಏದುಸಿರು ಬಿಡುತ್ತದೆ, ಗುಂಡಿಯ ಏಟು ನೇರವಾಗಿ ತಾಯಿಯವರ ಮೊಣಕಾಲಿಗೆ ತಲಪುತ್ತದೆ. ಮಿತ್ರರಿಗೆ ನಮ್ಮ ಸಲಹೆ: ಮೂಲ ಅಳತೆಯಲ್ಲಿಯೇ, ಒದ್ದೆ ನೆಲದ ಹಿಡಿತಕ್ಕೆ ಹೆಸರಾದ ಒಳ್ಳೆಯ ಟೈರು. ನಾಲ್ಕಕ್ಕೆ ಸುಮಾರು 12,000ದಿಂದ 16,000 ರೂಪಾಯಿ ಆದೀತು. ಎರಡನ್ನೇ ಕೊಳ್ಳುವ ಶಕ್ತಿಯಿದ್ದರೆ ಹೊಸ ಜೋಡಿ ಹಿಂದಿನ ಗಾಲಿಗಳಿಗೆ ಹೋಗಲಿ. ಮುಂದಿನದು ಜಾರಿದರೆ ಗಾಡಿ ನೇರ ಹೋಗುತ್ತದೆ, ವೇಗ ಇಳಿಸಿದರೆ ಹತೋಟಿಗೆ ಬಂದೀತು. ಹಿಂದಿನದು ಜಾರಿದರೆ ಗಾಡಿಯೇ ಗಿರಕಿ ಹೊಡೆಯುತ್ತದೆ.

ಮುಂದೆ ಶಾಕ್ ಅಬ್ಸಾರ್ಬರ್. ಒಂದು ಉಬ್ಬು ದಾಟಿದ ಮೇಲೆ ಗಾಡಿ ಒಮ್ಮೆ ಏರಿಳಿದು ನಿಲ್ಲಬೇಕು. ತೊಟ್ಟಿಲಿನಂತೆ ತೂಗುತ್ತಿದ್ದರೆ, ಕೊಳವೆಯ ಮೇಲೆ ಎಣ್ಣೆಯ ಜಿಡ್ಡು ಕಂಡರೆ, ಅದರ ಆಯುಸ್ಸು ಮುಗಿದಿದೆ. ತಿರುವಿನಲ್ಲಿ ವಾಲಾಡುವ ದೂರಿಗೆ ಬಹಳ ಸಲ ಇದೇ ಕಾರಣ. ಬದಲಿಸುವಾಗ ಎಡಬಲ ಎರಡನ್ನೂ ಜೊತೆಯಾಗಿ ಬದಲಿಸತಕ್ಕದ್ದು. ತಗ್ಗು ಸ್ಪ್ರಿಂಗು ಬೇಡವೇ ಬೇಡ. ಐದು ಜನ ಕುಳಿತು ಗಂಟುಮೂಟೆ ಏರಿಸಿದ ಗಾಡಿ ನಮ್ಮ ಸ್ಪೀಡ್ ಬ್ರೇಕರುಗಳಿಗೆ ಹೊಟ್ಟೆ ತಾಗಿಸಿಕೊಂಡೇ ಹೋಗಬೇಕಾದೀತು. ಸ್ಪ್ರಿಂಗಿನ ಸುರುಳಿಗಳ ನಡುವೆ ಸಿಕ್ಕಿಸುವ ರಬ್ಬರಿನ ತುಂಡುಗಳನ್ನೂ ಮಾರುತ್ತಾರೆ. ಅವು ಕೆಲವು ಸುರುಳಿಗಳ ಕೆಲಸವನ್ನು ತಡೆದು ಸ್ಪ್ರಿಂಗನ್ನು ಬಿರುಸಾಗಿಸುತ್ತವೆ, ಅಷ್ಟೆ. ಸತ್ತ ಶಾಕ್ ಅಬ್ಸಾರ್ಬರಿಗೆ ಜೀವ ಕೊಡುವುದಿಲ್ಲ.

ಬ್ರೇಕಿನ ಎಣ್ಣೆಯನ್ನು ಜನ ಮರೆಯುತ್ತಾರೆ. ಅದು ಗಾಳಿಯಿಂದ ತೇವವನ್ನು ಹೀರಿಕೊಳ್ಳುವ ದ್ರವ. ತೇವ ಸೇರಿದಷ್ಟು ಅದು ಕುದಿಯುವ ಉಷ್ಣತೆ ಇಳಿಯುತ್ತದೆ. ಪುಣೆಗೂ ಸಾತಾರೆಗೂ ನಡುವಿನ ಖಂಬಾಟಕಿ ಘಾಟಿನಂಥ ಇಳಿಜಾರಿನಲ್ಲಿ ಬ್ರೇಕನ್ನು ಒತ್ತಿಕೊಂಡೇ ಇಳಿದರೆ ಅದು ಕಾದು ಕುದಿದು, ಪೆಡಲ್ ಮೆತ್ತಗಾಗುವ ಸಂಭವವುಂಟು. ಎರಡು ವರ್ಷಕ್ಕೊಮ್ಮೆ ಬದಲಿಸಿದರೆ ಸಾಕು, ಖರ್ಚೂ ಅಲ್ಪ. ಘಾಟನ್ನು ಕೆಳಗಿನ ಗೇರಿನಲ್ಲಿಯೇ ಇಳಿಯಬೇಕೆಂಬ ಹಳೆಯ ಮಾತು ಇಂದಿಗೂ ನಿಜ.

ಎಂಜಿನ್ನಿನ ಆಲಸ್ಯಕ್ಕೆ ಏನು? ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್ಗು, ಥ್ರಾಟಲ್ ಬಾಡಿಯ ಮಸಿ, ಕ್ಲಚ್ಚು, ಈ ನಾಲ್ಕನ್ನು ನೋಡಿಸಿ. ಆಕ್ಸಿಲರೇಟರಿಗೆ ಜೋಡಿಸುವ ಒಂದು ಪೆಟ್ಟಿಗೆಯನ್ನು ಮಾರುವವರಿದ್ದಾರೆ. ಅದು ಕಾಲಿನ ಒತ್ತನ್ನು ಹೆಚ್ಚು ಮಾಡಿ ತೋರಿಸುತ್ತದೆ. ಎಂಜಿನ್ನಿನ ಶಕ್ತಿಯನ್ನು ಎಳ್ಳಷ್ಟೂ ಹೆಚ್ಚಿಸುವುದಿಲ್ಲ. ಗದ್ದಲದ ಸೈಲೆನ್ಸರಿನಿಂದ ಚುರುಕಾಗುವುದು ನೆರೆಮನೆಯವರ ಕೋಪ ಮಾತ್ರ.

ಕಾನೂನಿನ ಮಾತೂ ತಿಳಿದಿರಲಿ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರ ಮೂಲ ವಿವರಕ್ಕೆ ಭಿನ್ನವಾಗುವಂತೆ ಗಾಡಿಯನ್ನು ಬದಲಾಯಿಸಕೂಡದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿ ಹಿಡಿಯಿತು. ಅಪಘಾತವಾದಾಗ, ತಿಳಿಸದೆ ಮಾಡಿಸಿದ ಬದಲಾವಣೆಯನ್ನು ಮುಂದಿಟ್ಟುಕೊಂಡು ವಿಮೆಯವರು ತಕರಾರು ತೆಗೆಯಬಹುದು. ಆ ಹೊತ್ತಿನಲ್ಲಿ ಅಲಾಯ್ ಗಾಲಿಯ ಹೊಳಪು ಯಾರ ಕೈಯನ್ನೂ ಹಿಡಿಯುವುದಿಲ್ಲ.

ಹಾಗಾದರೆ ಮಿತ್ರರ 25,000ದ ಹಂಚಿಕೆ ಹೀಗೆ: ಬುಷ್, ಬ್ರೇಕಿನ ಎಣ್ಣೆ, ಫಿಲ್ಟರು, ಪ್ಲಗ್ಗು ಮೊದಲು, ನಾಲ್ಕು ಟೈರು ಆಮೇಲೆ, ಅವುಗಳ ಬೆನ್ನಿಗೆ ಅಲೈನ್‌ಮೆಂಟ್. ಉಳಿದದ್ದರಲ್ಲಿ, ಪರೀಕ್ಷಿಸಿದವರು ಬೇಕೆಂದರೆ ಮಾತ್ರ, ಒಂದು ಜೋಡಿ ಶಾಕ್ ಅಬ್ಸಾರ್ಬರ್. ನಾಲ್ಕೂ ಸತ್ತಿದ್ದರೆ ಟೈರು ಈಗ ಎರಡೇ ಸಾಕು. ಸಾಧ್ಯವಾದರೆ ಎಲ್ಲವನ್ನೂ ಒಂದೇ ದಿನ ಮಾಡಿಸದೆ, ಒಂದೊಂದಾದ ಮೇಲೆ ಅದೇ ರಸ್ತೆಯಲ್ಲಿ ಓಡಿಸಿ ನೋಡಿ. ಯಾವುದರಿಂದ ಗುಣವಾಯಿತೆಂದು ತಿಳಿಯುತ್ತದೆ. ಮಗನನ್ನೂ ಗ್ಯಾರೇಜಿಗೆ ಕರೆದುಕೊಂಡು ಹೋಗಿ, ಬಿರುಕು ಬಿಟ್ಟ ಬುಷ್ ಅನ್ನು ಅವನ ಕೈಯಲ್ಲಿ ಇಡಿ. ನಾವು ಇಷ್ಟು ಬರೆದು ಹೇಳಿದ್ದನ್ನು ಅದು ಒಂದು ನಿಮಿಷದಲ್ಲಿ ಅವನಿಗೆ ಹೇಳೀತು.

ಹಬ್ಬಕ್ಕೆ ಊರಿನ ದಾರಿ ಹಿಡಿಯುವ ಬಂಧುಗಳೆಲ್ಲರಿಗೂ ಸುಖಪ್ರಯಾಣವನ್ನು ಕೋರುತ್ತೇವೆ.