ಮಕ್ಕಳು ಸಾಕು ಅಂದಮೇಲೆ ಆಪರೇಷನ್ ಯಾರಿಗೆ? ತೆಂಗಿನ ಸೀಮೆಯ ಗಂಡಸರಲ್ಲಿ ಒಂದು ಮನವಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಅಣ್ಣತಮ್ಮಂದಿರೇ,

ಎರಡು ಮಕ್ಕಳಾದವು, ಸಾಕು ಅಂತ ತೀರ್ಮಾನಿಸುವಾಗ ಮನೆಮಂದಿಯೆಲ್ಲ ಸೇರುತ್ತಾರೆ. ಆಸ್ಪತ್ರೆಗೆ ಹೋಗಿ ಹೊಟ್ಟೆ ಕೊಯ್ಸಿಕೊಳ್ಳುವವಳು ಮಾತ್ರ ಹೆಂಡತಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ವಿವಾಹಿತ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ಆಪರೇಷನ್ ಆಗಿದೆ. ಗಂಡ ಮಾಡಿಸಿಕೊಂಡ ಮನೆ ನೂರಕ್ಕೆ ಒಂದೂ ಇಲ್ಲ.

"ಅವನು ದುಡಿಯೋ ಗಂಡಸು, ಅವನಿಗ್ಯಾಕೆ?" ಅನ್ನುತ್ತಾರೆ ಹಿರಿಯರು. ದುಡಿಯುವವನು ಅವನೊಬ್ಬನೇ ಏನು? ತೋಟದಲ್ಲಿ ಕಾಯಿ ಹೊತ್ತು ಗುಡ್ಡೆ ಹಾಕುವವಳು, ದನಕ್ಕೆ ಮೇವು ತರುವವಳು, ನಾರಿನ ಫ್ಯಾಕ್ಟರಿಗೆ ಕೂಲಿಗೆ ಹೋಗುವವಳು ಯಾರು? ಬಾಣಂತನದ ನೋವು ಆರುವ ಮುಂಚೆ ಮತ್ತೊಂದು ಗಾಯ ಅವಳಿಗೇ ಯಾಕೆ?

ಗಂಡಸರ ಆಪರೇಷನ್ ಬಗ್ಗೆ ಅಜ್ಜಂದಿರ ಕಾಲದಿಂದ ಬಂದ ಹೆದರಿಕೆ ಸುಳ್ಳಲ್ಲ. ತುರ್ತುಪರಿಸ್ಥಿತಿಯಲ್ಲಿ, 1976–77ರ ಒಂದೇ ವರ್ಷ, ದೇಶದಲ್ಲಿ 60 ಲಕ್ಷಕ್ಕೂ ಹೆಚ್ಚು ಗಂಡಸರಿಗೆ ಆಪರೇಷನ್ ಮಾಡಿದರು, ಎಷ್ಟೋ ಜನರಿಗೆ ಬಲವಂತವಾಗಿ. ಅದು ಘೋರ ಅನ್ಯಾಯ. ಆದರೆ ಆಮೇಲೆ ಗಂಡಸರು ಹಿಂದೆ ಸರಿದರು, ಭಾರವೆಲ್ಲ ಹೆಂಗಸರ ಮೇಲೆ ಬಿತ್ತು. 2014ರ ನವೆಂಬರ್‌ನಲ್ಲಿ ಛತ್ತೀಸ್‌ಗಢದ ಬಿಲಾಸಪುರದ ಶಿಬಿರಗಳಲ್ಲಿ ಆಪರೇಷನ್ ಆದ ಹತ್ತಕ್ಕೂ ಹೆಚ್ಚು ತಾಯಂದಿರು ಸತ್ತೇಹೋದರು. ಇವತ್ತು ನಿಮ್ಮ ಒಪ್ಪಿಗೆಯ ಸಹಿ ಇಲ್ಲದೆ ನಿಮ್ಮನ್ನು ಯಾರೂ ಮುಟ್ಟುವಂತಿಲ್ಲ.

ಗಂಡಸರಿಗೆ ಮಾಡುವ, ಚಾಕು ಹಾಕದ ಆಪರೇಷನ್ ಆದ ಎನ್‌ಎಸ್‌ವಿಯಲ್ಲಿ ಹೊಟ್ಟೆ ಕೊಯ್ಯುವುದಿಲ್ಲ, ಹೊಲಿಗೆಯೂ ಇಲ್ಲ. ಆ ಜಾಗಕ್ಕಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಚರ್ಮದಲ್ಲಿ ಸಣ್ಣ ತೂತು ಮಾಡಿ, ವೀರ್ಯಾಣು ಸಾಗುವ ಎರಡು ನಾಳಗಳನ್ನು ಕತ್ತರಿಸಿ ಕಟ್ಟುತ್ತಾರೆ. ಹತ್ತಿಪ್ಪತ್ತು ನಿಮಿಷದ ಕೆಲಸ, ಅವತ್ತೇ ಮನೆಗೆ. ಬೀಜ ತೆಗೆಯುವುದಿಲ್ಲ. ಗಂಡಸುತನದ ಹಾರ್ಮೋನು ನೇರವಾಗಿ ರಕ್ತಕ್ಕೆ ಸೇರುವುದರಿಂದ ಆಸೆಯೂ ಕುಂದದು, ಶಕ್ತಿಯೂ ಕುಂದದು. ಎರಡು ದಿನ ವಿಶ್ರಾಂತಿ ತಗೊಳ್ಳಿ. ಒಂದು ವಾರ ಮರ ಹತ್ತಬೇಡಿ, ಮೂಟೆ ಹೊರಬೇಡಿ. ಆಮೇಲೆ ಎಂದಿನಂತೆ ಕೆಲಸ.

ಒಂದು ಮಾತು ಮರೆಯಲೇಬೇಡಿ. ಆಪರೇಷನ್ ಆದ ತಕ್ಷಣ ಫಲ ಸಿಗುವುದಿಲ್ಲ. ನಾಳದಲ್ಲಿ ಉಳಿದ ವೀರ್ಯಾಣು ಖಾಲಿಯಾಗಲು ಮೂರು ತಿಂಗಳು ಬೇಕು. ಅಲ್ಲಿವರೆಗೆ ನಿರೋಧ್ ಬಳಸಿ, ಮೂರು ತಿಂಗಳಿಗೆ ವೀರ್ಯ ಪರೀಕ್ಷೆ ಮಾಡಿಸಿ. ಇದನ್ನು ತಿಳಿಯದೆ, ನಡುವೆ ಬಸುರಾದ ಹೆಂಡತಿಯ ಶೀಲ ಶಂಕಿಸುವುದಕ್ಕಿಂತ ದೊಡ್ಡ ಪಾಪ ಇನ್ನೊಂದಿಲ್ಲ.

ಈ ಆಪರೇಷನ್ ಶಾಶ್ವತವಾದದ್ದು, ಆದ್ದರಿಂದ ಇನ್ನು ಮಕ್ಕಳು ಬೇಡ ಅಂತ ಗಂಡಹೆಂಡಿರಿಬ್ಬರೂ ಕೂತು ಮಾತಾಡಿ ಗಟ್ಟಿ ಮಾಡಿಕೊಂಡಮೇಲೇ ಹೋಗಿ. ಇನ್ನೂ ಮನಸ್ಸು ಗಟ್ಟಿಯಾಗಿಲ್ಲವೇ? ಆಶಾ ಕಾರ್ಯಕರ್ತೆಯ ಹತ್ತಿರ ನಿರೋಧ್ ಸಿಗುತ್ತದೆ. ನಾಚಿಕೆ ಬಿಟ್ಟು ಕೇಳಿ. ಹೆಂಡತಿ ಕಾಪರ್-ಟಿ ಹಾಕಿಸಿಕೊಳ್ಳಲು ಹೊರಟರೆ ನೀವೂ ಜೊತೆಗೆ ಹೋಗಿ, ಡಾಕ್ಟರ ಮಾತು ನೀವೂ ಕೇಳಿ.

ಸರ್ಕಾರವೇ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆದ ಜಗತ್ತಿನ ಮೊದಮೊದಲ ನಾಡುಗಳಲ್ಲಿ ನಮ್ಮ ಮೈಸೂರು ಸಂಸ್ಥಾನವೂ ಒಂದು. ಅದು 1930ರಲ್ಲಿ. ಅಂಥ ನಾಡಿನ ಗಂಡಸರು ಈಗಲೂ ಹಿಂದೆ ನಿಲ್ಲುವುದು ಬೇಡ.

ಸರ್ಕಾರಿ ಆಸ್ಪತ್ರೆಯಲ್ಲಿ ಈ ಆಪರೇಷನ್ನಿಗೆ ಖರ್ಚಿಲ್ಲ. ಕೂಲಿ ತಪ್ಪಿದ್ದಕ್ಕೆ ಪರಿಹಾರಧನವೂ ಉಂಟು, ಹೆಂಗಸರಿಗಿಂತ ಗಂಡಸರಿಗೇ ಹೆಚ್ಚು. ಯಾವ ದಿನ, ಯಾವ ಆಸ್ಪತ್ರೆಯಲ್ಲಿ ಅಂತ ನಿಮ್ಮೂರ ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನೋ ಕೇಳಿ. ಪ್ರತಿವರ್ಷ ನವೆಂಬರ್ 21ರಿಂದ ಡಿಸೆಂಬರ್ 4ರವರೆಗೆ ಗಂಡಸರ ಆಪರೇಷನ್ನಿಗಾಗಿಯೇ ಪಾಕ್ಷಿಕ ನಡೆಯುತ್ತದೆ, ಆದರೆ ಅಲ್ಲಿವರೆಗೆ ಕಾಯಬೇಕೆಂದಿಲ್ಲ. ಹೆಂಡತಿಯ ಹೆಸರು ಬರೆಸುವ ಮುಂಚೆ ನಿಮ್ಮ ಹೆಸರು ಬರೆಸಿ.