ಓದುವ ಬಾಲೆಯರ ವಿವಾಹ

ಹತ್ತನೆಯ ತರಗತಿಯ ಪರೀಕ್ಷೆ ಮುಗಿಯುವುದೂ ಚೈತ್ರ ವೈಶಾಖಗಳ ಲಗ್ನಗಳು ಕೂಡಿಬರುವುದೂ ನಮ್ಮಲ್ಲಿ ಸರಿಸುಮಾರು ಒಂದೇ ಕಾಲದಲ್ಲಿ. ಜೂನ್ ತಿಂಗಳಲ್ಲಿ ಕಾಲೇಜುಗಳ ಬಾಗಿಲು ತೆರೆದಾಗ ಕೆಲವರು ಬಾಲೆಯರು ಬರುವುದಿಲ್ಲ. ಅವರೆಲ್ಲಿ ಎಂದು ಕೇಳತಕ್ಕವರೂ ಇಲ್ಲ. ಶಿವಮೊಗ್ಗ ಭದ್ರಾವತಿಗಳ ನಾಗರಿಕರು ಈ ವಿಷಯವನ್ನು ತಮ್ಮ ಮನೆಯ ವಿಷಯವೆಂದೇ ಭಾವಿಸಬೇಕೆಂದು ನಾವು ಪ್ರಾರ್ಥಿಸುತ್ತೇವೆ.

ಕಾನೂನಿನ ವಿಷಯದಲ್ಲಿ ನಮ್ಮ ನಾಡು ಹಿಂದೆ ಬಿದ್ದುದಿಲ್ಲ. ಶೇಷಾದ್ರಿ ಅಯ್ಯರರು ದಿವಾನರಾಗಿದ್ದ 1894ರಲ್ಲಿಯೇ ಮೈಸೂರು ಸಂಸ್ಥಾನವು ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ವಿವಾಹವನ್ನು ನಿಷೇಧಿಸಿತು. ಎಂಟು ವರ್ಷವೆಂದರೆ ಇಂದಿನವರು ನಕ್ಕಾರು. ಅಂದು ಅಷ್ಟಕ್ಕೇ ಧರ್ಮ ಕೆಟ್ಟಿತೆಂಬ ಕೂಗೆದ್ದಿತ್ತು. ಬ್ರಿಟಿಷ್ ಇಂಡಿಯಾಕ್ಕೆ ಶಾರದಾ ಕಾಯಿದೆ ಬಂದುದು 1929ರಲ್ಲಿ. ಕನ್ಯೆಯ ವಯಸ್ಸು 18ಕ್ಕೆ ಏರಿದುದು 1978ರಲ್ಲಿ. 2006ರ ಕೇಂದ್ರ ಕಾಯಿದೆಗೆ ತಿದ್ದುಪಡಿ ತಂದು, ಬಾಲ್ಯವಿವಾಹವು ಆರಂಭದಿಂದಲೇ ಅಸಿಂಧುವೆಂದು 2017ರಲ್ಲಿ ಜಾರಿಗೊಳಿಸಿದುದೂ ಕರ್ನಾಟಕವೇ. ಹೀಗಿದ್ದೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ರಾಜ್ಯದಲ್ಲಿ 20ರಿಂದ 24 ವಯಸ್ಸಿನ ಸ್ತ್ರೀಯರ ಪೈಕಿ ನೂರಕ್ಕೆ 21 ಮಂದಿಗೆ 18 ತುಂಬುವ ಮುನ್ನವೇ ವಿವಾಹವಾಗಿತ್ತು. ಹಿಂದಿನ ಸಮೀಕ್ಷೆಯ ಅಂಕಿಯೂ ಹೆಚ್ಚುಕಡಿಮೆ ಇದೇ.

ಹೆತ್ತವರನ್ನು ನಿಂದಿಸುವುದು ಸುಲಭ. ಬೆಂಕಿಪುರವೆಂಬ ಹಳ್ಳಿಯನ್ನು ಭದ್ರಾವತಿಯನ್ನಾಗಿ ಮಾಡಿದುದು 1923ರಲ್ಲಿ ಆರಂಭವಾದ ಕಬ್ಬಿಣದ ಕಾರ್ಖಾನೆ. ಬಳಿಕ ಕಾಗದದ ಕಾರ್ಖಾನೆಯೂ ಜತೆಗೂಡಿತು. ಇಂದು ಕಾಗದದ್ದು ನಿಂತಿದೆ, ಕಬ್ಬಿಣದ್ದು ಕುಂಟುತ್ತಿದೆ. ನಾಳೆಯ ಕೂಲಿ ನಿಶ್ಚಯವಿಲ್ಲದ ತಂದೆಗೆ ಮಗಳ ಮದುವೆಯೆಂದರೆ ಇಳಿಸಬೇಕಾದ ಹೊರೆ. ತಾಯಿಗೆ, ಊರವರ ನಾಲಿಗೆಗೆ ಬೀಳುವ ಮುನ್ನ ಮುಗಿಸಬೇಕಾದ ಕೆಲಸ. ಕಡ್ಡಾಯ ಶಿಕ್ಷಣದ ಕಾಯಿದೆಯಾದರೋ ಹದಿನಾಲ್ಕನೆಯ ವಯಸ್ಸಿಗೇ ಕೈಬಿಡುತ್ತದೆ. ವಿವಾಹಕ್ಕೆ ಇನ್ನೂ ನಾಲ್ಕು ವರ್ಷ ಕಾಯಬೇಕೆನ್ನುವ ಸರ್ಕಾರವು, ಆ ನಾಲ್ಕು ವರ್ಷ ಆಕೆ ಎಲ್ಲಿರಬೇಕೆಂಬುದನ್ನು ಹೇಳುವುದಿಲ್ಲ. ಅನಾಹುತವು ನುಸುಳುವುದು ಈ ತೆರಪಿನಲ್ಲಿಯೇ.

ಆಮೇಲಿನ ಕಥೆ ಇನ್ನೂ ದಾರುಣ. ಎಳೆಯ ಗರ್ಭಿಣಿಗೆ ರಕ್ತಹೀನತೆ, ನಂಜು, ಕಡಿಮೆ ತೂಕದ ಕೂಸು, ಇವುಗಳ ಅಪಾಯ ಹೆಚ್ಚೆಂಬುದು ವೈದ್ಯರಿಗೆಲ್ಲ ತಿಳಿದ ಮಾತು. ಆಕೆಯೇ ಎಲ್ಲರಿಗಿಂತ ಮೊದಲು ಆಸ್ಪತ್ರೆಯ ಮೆಟ್ಟಿಲು ಹತ್ತಬೇಕು. ಆದರೆ 2012ರ ಪೋಕ್ಸೋ ಕಾಯಿದೆಯ ಪ್ರಕಾರ ಆಸ್ಪತ್ರೆಯವರು ಪೊಲೀಸರಿಗೆ ವರದಿ ಕೊಡಲೇಬೇಕು. ತಾಳಿ ಕಟ್ಟಿದವನೆಂಬ ಕಾರಣದಿಂದ ಗಂಡನಿಗೆ ವಿನಾಯಿತಿಯಿಲ್ಲ. ಕಾಯಿದೆ ಹುಟ್ಟಿದುದು ಮಕ್ಕಳ ರಕ್ಷಣೆಗಾಗಿಯೇ ಎಂಬುದರಲ್ಲಿ ಸಂದೇಹವಿಲ್ಲ. ಆದರೂ ಜೈಲಿಗೆ ಹೆದರಿದ ಮನೆಯವರು ಬಸುರಿಯನ್ನು ಮರೆಮಾಡುತ್ತಾರೆ. ವಯಸ್ಸನ್ನು ಏರಿಸಿ ಹೇಳುತ್ತಾರೆ. ನೋವು ಕಾಣಿಸಿಕೊಂಡ ಮೇಲೆ ಓಡಿಬರುತ್ತಾರೆ. ಆ ಹೊತ್ತಿಗೆ ಯಾವ ಅಧಿಕಾರಿ ಬಂದು ಏನು ಪ್ರಯೋಜನ?

ಆದುದರಿಂದ ಕಾವಲಿರಬೇಕಾದುದು ಕಲ್ಯಾಣಮಂಟಪದ ಬಾಗಿಲಲ್ಲಲ್ಲ, ಪ್ರೌಢಶಾಲೆಯ ಕಚೇರಿಯಲ್ಲಿ. ವರ್ಗಾವಣೆ ಪತ್ರವನ್ನು ಕೇಳಿಬಂದ ತಂದೆಯನ್ನು "ಯಾವ ಕಾಲೇಜಿಗೆ?" ಎಂದು ಮುಖ್ಯೋಪಾಧ್ಯಾಯರು ಕೇಳಲಿ. ತೇರ್ಗಡೆಯಾದವರ ಪಟ್ಟಿಯನ್ನು ಪದವಿಪೂರ್ವ ಕಾಲೇಜುಗಳ ದಾಖಲೆಯೊಡನೆ ಜೂನಿನಲ್ಲಿಯೇ ತಾಳೆನೋಡಲಿ. ನಪಾಸಾದವರನ್ನು ಇನ್ನೂ ಮೊದಲು ವಿಚಾರಿಸಬೇಕು. ಅವರಿಗೇ ಲಗ್ನ ಬೇಗ ನಿಶ್ಚಯವಾಗುವುದು. ಕಾಣದಾದವಳ ಮನೆಗೆ ಮೊದಲು ಹೋಗಬೇಕಾದವರು ಆಕೆಯ ಉಪಾಧ್ಯಾಯಿನಿ, ಪೊಲೀಸರು ಆಮೇಲೆ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಸರ್ಕಾರಿ ಬಸ್ಸಿನಲ್ಲಿ 2023ರಿಂದ ಹೆಣ್ಣುಮಕ್ಕಳಿಗೆ ಟಿಕೇಟಿನ ಹಣವಿಲ್ಲ. ದೂರದ ನೆಪ ಅಷ್ಟರಮಟ್ಟಿಗೆ ಕಡಿಮೆಯಾಗಿದೆ.

ಇನ್ನು, ಈಗಾಗಲೇ ತಾಯಿಯಾದವಳು. ಆಕೆ ಬಂದರೆ ಉಳಿದವರು ಕೆಡುವರೆಂದು ಆಡಳಿತ ಮಂಡಲಿಗಳು ಪಿಸುಗುಡುವುದುಂಟು. ನಮಗೆ ಇದು ಸ್ವಲ್ಪವೂ ಒಪ್ಪಿಗೆಯಿಲ್ಲ. ತಪ್ಪು ಮಾಡಿದವರು ಹಿರಿಯರು. ಬೆಂಚಿನಿಂದ ಎಬ್ಬಿಸುವುದು ಮಗುವನ್ನು. ಕೂಲಿಗೆ ಹೋಗುವ ತಾಯಂದಿರಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ'ಗಳನ್ನು ತೆರೆದ ಸರ್ಕಾರಕ್ಕೆ, ಈ ಎರಡು ಪಟ್ಟಣಗಳ ಒಂದೊಂದು ಸರ್ಕಾರಿ ಕಾಲೇಜಿನ ಬಳಿ ಅಂಥದೊಂದು ಕೋಣೆಯನ್ನು ಕೊಡುವುದು ಭಾರವಾಗಲಾರದು. ಜಿಲ್ಲಾಡಳಿತವು ಮುಂದಿನ ಜೂನಿಗೆ ಮೊದಲೇ ಇದನ್ನು ಏರ್ಪಡಿಸಲಿ.